ಎಲ್ಲರ ನಲ್ಲಿ, ಒಬ್ಬರ ಹೆಸರು

ಮುಂಬಯಿಯ ನಮ್ಮ ಚಾಳಿನ ವಠಾರದಲ್ಲಿ ಯಾವುದೂ ಒಬ್ಬರದಾಗಿರಲಿಲ್ಲ. ನಲ್ಲಿ ಎಲ್ಲರದು, ಬಟ್ಟೆ ಒಣಹಾಕುವ ಹಗ್ಗ ಎಲ್ಲರದು, ಜಗಳ ಬಂದರೆ ಅದೂ ಎಲ್ಲರದೇ. ಹೀಗಾಗಿ ಇಂಗ್ಲಿಷಿನಲ್ಲಿ ಹಲವರ ಒಡೆತನ ಹೇಳುವುದನ್ನು ಕಲಿಯಲು ನನಗೆ ತ್ರಾಸೇ ಆಗಲಿಲ್ಲ. ಕೊನೆಗೆ ಎಸ್ ಬರೆದು ಅದರ ಹೆಗಲ ಮೇಲೆ ಒಂದು ಸಣ್ಣ ಗೀಟು ಎಳೆದರೆ ಮುಗೀತು, ವಸ್ತು ಹತ್ತು ಮಂದಿಯದಾಯಿತು. ಬಾಡಿಗೆದಾರರ ನಲ್ಲಿ, ಹುಡುಗರ ಗಾಳಿಪಟ, ಮುದುಕರ ಬೆಂಚು. ಆಂಟಾಪ್ ಹಿಲ್ಲಿನ ನಮ್ಮ ಗ್ಯಾಲರಿಯಲ್ಲಿ ನಿಂತು, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಮನಸ್ಸಿನಲ್ಲೇ ಆ ಗೀಟು ಹಚ್ಚುತ್ತಿದ್ದೆ.

ಇದು ಐವತ್ತರ ದಶಕದ ಮಾತು. ಮೆಟ್ರಿಕ್ ಮುಗಿಸಿ, ಮದುವೆಯಾಗಿ, ಧಾರವಾಡದಿಂದ ಮುಂಬಯಿಗೆ ಬಂದಿದ್ದೆ. ಮಕ್ಕಳಿಗೆ ಕಲಿಸಬೇಕೆಂಬ ಹುಚ್ಚು ನನಗೆ ಸಣ್ಣಾಕಿ ಇದ್ದಾಗಿನಿಂದ. ವಿಲೆ ಪಾರ್ಲೆಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಳಗಿನ ತರಗತಿಗಳಿಗೆ ಇಂಗ್ಲಿಷ್ ಟೀಚರ್ ಬೇಕಾಗಿದ್ದಾರೆಂದು ಪಕ್ಕದ ಖೋಲಿಯ ಅಕ್ಕ ಸುದ್ದಿ ತಂದರು. ಅವರು ಮೈಸೂರಿನವರು, ಬಿ.ಎ. ಓದಿದವರು. ಆ ಸುದ್ದಿ ಕೇಳಿದ ಮೇಲೆ ನನಗೆ ಊಟ ಸೇರಲೊಲ್ಲದು.

ಅತ್ತೆಯವರನ್ನು ಕೇಳಿದೆ. ಅವರು ಮೊರದಲ್ಲಿದ್ದ ಅಕ್ಕಿಯನ್ನೆಲ್ಲ ಆರಿಸಿ ಮುಗಿಸಿದರು. ಕೊನೆಗೆ, "ಒಮ್ಮೆ ಹೋಗಿ ಕೇಳಿ ಬಾ. ಅವರು ಬ್ಯಾಡ ಅಂದ್ರ ಮತ್ತ ಈ ಸುದ್ದಿ ಮನ್ಯಾಗ ಎತ್ತಬಾರದು ನೋಡು," ಅಂದರು. ನನ್ನ ಗಂಡ ಫೋರ್ಟಿನ ಕಡೆ ಒಂದು ಆಫೀಸಿನಲ್ಲಿ ಗುಮಾಸ್ತರು. ಅವರು ಪೇಪರಿನ ಹಿಂದೆ ಮುಖ ಇಟ್ಟುಕೊಂಡು ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಈ ಮೌನಕ್ಕೆ ನನಗೆ ಆಗ ಕೆಟ್ಟ ಸಿಟ್ಟು ಬರುತ್ತಿತ್ತು. ಖರೇ ಹೇಳಬೇಕೆಂದರೆ, ಈಗ ನೆನೆಸಿಕೊಂಡರೂ ಬರುತ್ತದೆ.

ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅಕ್ಕನ ಖೋಲಿಯಲ್ಲಿ ಪಾಠ. ನನ್ನ ಧಾರವಾಡದ ಮಾತಿಗೆ ಅವರು ನಗುವುದು, ಅವರ 'ಕಣ್ರೀ'ಗೆ ನಾನು ನಗುವುದು, ನಡುವೆ ಅಷ್ಟಿಷ್ಟು ವ್ಯಾಕರಣ. ಕಂಡದ್ದನ್ನು ಇಂಗ್ಲಿಷಿನಲ್ಲಿ ವಾಕ್ಯ ಮಾಡಿ ಎನ್ನುತ್ತಿದ್ದರು. ಒಂದು ದಿನ ಅವರಿಗೆ ಒಂದು ಗುಮಾನಿ ಬಂತು. ನನ್ನ ವಾಕ್ಯಗಳಲ್ಲಿ ನನ್ನ ಗಂಡ ಎಂದೂ ಒಬ್ಬರೇ ಬರುತ್ತಿರಲಿಲ್ಲ. ಅವರ ಛತ್ರಿ ತೊಯ್ದಿದ್ದರೆ ನಾನು 'ಗುಮಾಸ್ತರ ಛತ್ರಿಗಳು ತೊಯ್ದಿವೆ' ಎಂದು ಬರೆಯುವವಳು. ಅವರ ಅಂಗಿ ಹಗ್ಗದ ಮೇಲಿದ್ದರೆ 'ಗಂಡಂದಿರ ಅಂಗಿಗಳು ಒಣಗುತ್ತಿವೆ'. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬರು ನೆನೆದದ್ದಕ್ಕೆ ಇಡೀ ಆಫೀಸನ್ನೇ ಮಳೆಯಲ್ಲಿ ನಿಲ್ಲಿಸಿದ್ದೀರಲ್ಲ, ಅವರ ಹೆಸರು ಹಚ್ಚಿ ಒಂದು ವಾಕ್ಯ ಬರೀರಿ ನೋಡೋಣ ಎಂದರು. ನಾನು ಪೆನ್ಸಿಲ್ ಕೆಳಗಿಟ್ಟೆ.

ಗಂಡನ ಹೆಸರು ಬಾಯಲ್ಲಿ ತಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಕೇಳಿಕೊಂಡೇ ಬೆಳೆದವಳು ನಾನು. ನಂಬಿದ್ದೆನೋ ಇಲ್ಲವೋ, ಪರೀಕ್ಷೆ ಮಾಡಿ ನೋಡುವ ಧೈರ್ಯ ಯಾರಿಗಿತ್ತು? ಕರೆಯಬೇಕಾದರೆ 'ಇಲ್ಲಿ ಕೇಳ್ರಿ', ಮಂದಿಯ ಮುಂದೆ 'ನಮ್ಮನಿಯವರು'. ಅಷ್ಟರಲ್ಲೇ ಸಂಸಾರ ಸಾಗಿತ್ತು. ಅಕ್ಕ ಮತ್ತೆ ಒತ್ತಾಯ ಮಾಡಲಿಲ್ಲ.

ಶಾಲೆಗೆ ಹೋಗುವ ದಿನ ದಾದರಿನ ತನಕ ಬಸ್ಸು, ಅಲ್ಲಿಂದ ಲೋಕಲ್. ಲೇಡೀಸ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ಸೀರೆಯ ನಿರಿಗೆ ಹಿಡಿದುಕೊಂಡು ನಿಂತಿದ್ದೆ. ಶಾಲೆಯವರು ಬೇಡ ಅಂದರೆ ಮುಂದೆ ಜೀವನಪೂರ್ತಿ ಈ ಮಾತು ಎತ್ತುವ ಹಾಗಿಲ್ಲ.

ಅಲ್ಲಿ ಇಬ್ಬರೇ ಕೂತಿದ್ದರು. ಒಬ್ಬರು ಹೆಡ್‌ಮಿಸ್ಟ್ರೆಸ್, ನರೆತ ಕೂದಲಿನ ಮರಾಠಿ ಹೆಂಗಸು. ಇನ್ನೊಬ್ಬರು ಕಮಿಟಿಯ ಸೆಕ್ರೆಟರಿ, ಕೋಟು, ಟೈ, ಬಾಯಿ ತೆಗೆದರೆ ಇಂಗ್ಲಿಷ್. ಬೋರ್ಡಿನ ಮೇಲೆ ಪಾಠ ಮಾಡಿ ತೋರಿಸು ಎಂದರು. ಹುಡುಗಿಯರ ಪಾಟಿಗಳು, ಟೀಚರುಗಳ ಕುರ್ಚಿಗಳು, ಹಕ್ಕಿಗಳ ಗೂಡುಗಳು ಎಂದು ಸರಸರ ಬರೆದು, ಇಂಗ್ಲಿಷಿನಲ್ಲೇ ವಿವರಿಸಿದೆ. ಹೆಡ್‌ಮಿಸ್ಟ್ರೆಸ್ ತಲೆ ಆಡಿಸಿದರು. ಗೆದ್ದೆ ಅಂದುಕೊಂಡೆ. ಆಗ ಸೆಕ್ರೆಟರಿಯವರು ನಿಮ್ಮ ಗಂಡನ ಹೆಸರೇನು ಎಂದು ಕೇಳಿದರು.

ಹೆಸರು ನಾಲಿಗೆಯ ತುದಿಗೆ ಬಂತು, ಅಲ್ಲೇ ಕೂತಿತು. ಅವರು ಮತ್ತೆ ಕೇಳಿದರು, ಈ ಸಲ ಕಿವುಡರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ. ನಮ್ಮ ಕಡೆಯಾಗಿದ್ದರೆ ಇಂಥ ಹೊತ್ತಿನಲ್ಲಿ ಮಗ್ಗುಲಲ್ಲಿದ್ದವರು ಯಾರಾದರೂ ಹೇಳಿಬಿಡುತ್ತಿದ್ದರು. ಇಲ್ಲಿ ನನ್ನ ಮಗ್ಗುಲಲ್ಲಿ ಬೋರ್ಡು ಒಂದೇ. ಅವರು ಹೆಡ್‌ಮಿಸ್ಟ್ರೆಸ್ ಕಡೆ ತಿರುಗಿ, ಪಾಪ, ಬಾಯಿಪಾಠ ಮಾಡಿಕೊಂಡು ಬಂದಿದ್ದಾಳೆ, ಇಂಗ್ಲಿಷಿನಲ್ಲಿ ಕೇಳಿದರೆ ತಿಳಿಯುವುದಿಲ್ಲ, ಕಳಿಸಿಬಿಡೋಣ ಎಂದರು.

ಹಾಗೆ ಅಂದದ್ದೂ ಇಂಗ್ಲಿಷಿನಲ್ಲೇ, ಅದೂ ನನಗೆ ಪೂರಾ ತಿಳಿಯಿತು. ಅಂಗಾಲಿನಿಂದ ನೆತ್ತಿಯ ತನಕ ಉರಿದುಹೋಯಿತು. ಬಾಯಿಪಾಠವಂತೆ. ಕಳಿಸಿಬಿಡುತ್ತಾರಂತೆ.

ಹೆಸರು ಹೇಳಲು ನಮ್ಮಲ್ಲಿ ಒಂದೇ ಒಂದು ದಾರಿ ಇದೆ, ಒಡಪು. ಮದುವೆ, ಸೀಮಂತಗಳಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದರೇ ಒಳಗೆ ಬಿಡುತ್ತೇವೆ ಎಂದು ಕಾಡುತ್ತಾರೆ. ಆಗ ಎರಡು ಸಾಲಿನ ಪದ ಕಟ್ಟಿ, ಅದರೊಳಗೆ ಹೆಸರನ್ನು ಇಟ್ಟು ಹೇಳಿದರೆ ದೋಷವಿಲ್ಲ. ಇವರೂ ಬಾಗಿಲಿಗೆ ಅಡ್ಡ ನಿಂತವರೇ ಅಲ್ಲವೇ ಅಂದುಕೊಂಡೆ. ತಲೆಯ ಮೇಲೆ ಸೆರಗು ಹೊದ್ದು, ನೆಲ ನೋಡುತ್ತಾ, ಇಂಗ್ಲಿಷಿನಲ್ಲೇ ಒಡಪು ಹಾಕಿದೆ. "ಇನ್ ದಿ ಕ್ಲರ್ಕ್ಸ್ ಆಫೀಸ್ ದೇರ್ ಈಸ್ ಎ ಫ್ಯಾನ್," ಎಂದು ಒಂದು ಸಾಲು. ಗುಮಾಸ್ತರ ಆಫೀಸಿನಲ್ಲಿ ಒಂದು ಫ್ಯಾನಿದೆ. ಎರಡನೆಯ ಸಾಲಿಗೆ ನಮ್ಮನೆಯವರ ಹೆಸರು ಹಿಡಿದು, "ಈಸ್ ಮೈ ಹಸ್ಬಂಡ್, ಎ ವೆರಿ ಗುಡ್ ಮ್ಯಾನ್," ಅಂದೆ.

ಸೆಕ್ರೆಟರಿಯವರು ಬಾಯಿ ತೆಗೆದುಕೊಂಡು ಕೂತರು. ಹೆಡ್‌ಮಿಸ್ಟ್ರೆಸ್ ಮೇಜು ಬಡಿದು ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮರಾಠಿಯಲ್ಲಿ ಇದಕ್ಕೆ ಉಖಾಣಾ ಅನ್ನುತ್ತಾರೆ, ಅವರೂ ತಮ್ಮ ಮದುವೆಯಲ್ಲಿ ಹೇಳಿದವರೇ. ಸೆಕ್ರೆಟರಿಯವರಿಗೆ ಎಲ್ಲ ಬಿಡಿಸಿ ಹೇಳಿ, ಬಾಯಿಪಾಠ ಮಾಡಿದವಳು ನಿಂತ ನಿಲುವಿನಲ್ಲಿ ಇಂಗ್ಲಿಷ್ ಪದ ಕಟ್ಟುತ್ತಾಳೇನು ಎಂದು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಸೋಮವಾರದಿಂದ ಬಾ ಎಂದರು.

ಮನೆಗೆ ಬಂದು ನಡೆದದ್ದೆಲ್ಲ ಅತ್ತೆಯವರಿಗೆ ಹೇಳಿದೆ. ಗಂಡಸರ ಮುಂದೆ ಹೆಸರು ಹೇಳಿದೆಯಾ ಎಂದು ಹೌಹಾರಿದರು. ಒಡಪು ಹಾಕಿ ಹೇಳಿದೆ ಅಂದ ಮೇಲೆ ತುಸು ಸಮಾಧಾನವಾಯಿತು. ಎಲ್ಲಿ, ಅನ್ನು ನೋಡೋಣ ಎಂದು ನನ್ನಿಂದ ಹೇಳಿಸಿ ಕೇಳಿದರು. ಒಂದಕ್ಷರ ತಿಳಿಯದಿದ್ದರೂ ಮಗನ ಹೆಸರು ಬಂದ ಕಡೆ ತಲೆದೂಗಿದರು. ನೌಕರಿಯ ಮಾತಿಗೆ, ಹೋಗು ಮತ್ತ, ಕೊಟ್ಟ ಮಾತು ಕೊಟ್ಟಂಗ ಎಂದುಬಿಟ್ಟರು.

ಸಂಜೆ ನಮ್ಮನೆಯವರು ಬೂಟು ಬಿಚ್ಚುವ ಮೊದಲೇ ಅತ್ತೆಯವರು ಸುದ್ದಿ ಒಪ್ಪಿಸಿದ್ದರು. ಎಂದೂ ಅಡುಗೆಮನೆಯ ಕಡೆ ಸುಳಿಯದ ಮನುಷ್ಯ ಬಾಗಿಲಿಗೆ ಬಂದು ನಿಂತರು. ಅಲ್ಲಿ ಹೇಳಿದ್ದನ್ನು ಇಲ್ಲೊಮ್ಮೆ ಹೇಳು ಎಂದರು. ನನಗೆ ನಾಚಿಕೆಯಾಯಿತು. ಒಲೆಯ ಕಡೆ ಮುಖ ಮಾಡಿಕೊಂಡು, ಎರಡೂ ಸಾಲು ಹೇಳಿದೆ, ಹೆಸರೂ ಹೇಳಿದೆ.

ಅವರು ಏನೂ ಅನ್ನಲಿಲ್ಲ. ಮತ್ತೆ ಅದೇ ಮೌನ ಎಂದು ಸಿಟ್ಟಿನಿಂದ ತಿರುಗಿ ನೋಡಿದೆ. ಅವರ ಕಣ್ಣು ತುಂಬಿತ್ತು.

"ನನ್ನ ಹೆಸರು ಇಷ್ಟು ಛಲೋ ಅದ ಅಂತ ನನಗೇ ಗೊತ್ತಿರಲಿಲ್ಲ," ಅಂದರು.