ನೀಲಗಿರಿ ತುಂಡಿನ ಮೇಲೆ ನಿಂತ ಲಾರಿ

ಇವತ್ತು ಬೆಳಗ್ಗೆ ನೋಡಿದರೆ ನನ್ನ ಲಾರಿ ಎಡಕ್ಕೆ ವಾಲಿಕೊಂಡು ನಿಂತಿತ್ತು. ಹಿಂದಿನ ಚಕ್ರದ ಮೇಲಿನ ಪಾಟಾ ತುಂಡಾಗಿದೆ. ಪಾಟಾ ಎಂದರೆ ಒಂದರ ಮೇಲೊಂದು ಪೇರಿಸಿ ಕಟ್ಟಿದ ಉಕ್ಕಿನ ಪಟ್ಟಿಗಳು. ಲಾರಿಯ ಭಾರವೆಲ್ಲ ಅವುಗಳ ಮೇಲೆಯೇ. ಬಗ್ಗಿದವನ ಮೂಗಿಗೆ ನಿನ್ನೆಯ ಲೋಡಿನ ಹಸಿ ನೀಲಗಿರಿ ತೊಗಟೆಯ ವಾಸನೆ ಬಡಿಯಿತು. ಎದೆ ಧಸಕ್ಕೆಂದಿತು. ಪಾಟಾ ತುಂಡಾದದ್ದಕ್ಕಲ್ಲ, ಆ ವಾಸನೆಗೆ.

ಯಾಕೆಂದು ಹೇಳುತ್ತೇನೆ, ಕೇಳಿ. ದಾಂಡೇಲಿಯ ಅಂಬೇವಾಡಿಯಲ್ಲಿರುವ ನಮ್ಮಂಥವರಿಗೆ ಕಾಗದದ ಕಾರ್ಖಾನೆಗೆ ಕಟ್ಟಿಗೆ ಸಾಗಿಸುವುದೇ ಹೊಟ್ಟೆಪಾಡು. ಹಾಗಾಗಿ ನಮಗೊಂದು ಚಟ. ಮಂಚದ ಕಾಲು ಮುರಿದರೆ ನೀಲಗಿರಿ ತುಂಡು, ಬಾಗಿಲು ಬಡಿದುಕೊಂಡರೆ ತುಂಡು, ನೆಂಟರು ಹೆಚ್ಚಾದರೆ ಕೂಡಲಿಕ್ಕೂ ತುಂಡು. ಲಾರಿ ಎತ್ತಿ ನಿಲ್ಲಿಸಲಿಕ್ಕೂ ಅದೇ.

ಕೆಲ ವರ್ಷಗಳ ಹಿಂದೆ ಹೀಗೆಯೇ ಪಾಟಾ ತುಂಡಾದಾಗ ಹಳಿಯಾಳದ ಗ್ಯಾರೇಜಿನಲ್ಲಿ ಕಬ್ಬಿನ ಲಾರಿಗಳ ಉದ್ದ ಪಾಳಿ. ನಾನೋ ಮೊಬೈಲಿನಲ್ಲಿ ವಿಡಿಯೋ ನೋಡಿ ಅರ್ಧ ಮಿಸ್ತ್ರಿಯಾದವನು. ಬೋಲ್ಟು ಬಿಚ್ಚುವುದು, ಹೊಸ ಪಟ್ಟಿ ಕೂಡಿಸುವುದು, ಅದಕ್ಕೇನು ಮಹಾ, ನಾನೇ ಮಾಡುತ್ತೇನೆ ಎಂದು ಮನೆಯಲ್ಲಿ ಭಾಷಣ ಬಿಗಿದೆ. ಹೆಂಡತಿ ಶಾಂತಾ ರೊಟ್ಟಿ ಬಡಿಯುತ್ತ ಸುಮ್ಮನಿದ್ದಳು. ಅವಳು ಸುಮ್ಮನಿದ್ದರೆ ಒಪ್ಪಿಲ್ಲವೆಂದರ್ಥ. ನಾನು ಒಪ್ಪಿದಳೆಂದುಕೊಂಡೆ.

ಇನಾಸನನ್ನು ಕರೆದೆ. ಹಳಿಯಾಳ ಕಡೆಯ ಸಿದ್ದಿ ಸಮುದಾಯದವನು, ನನ್ನ ಹಾಗೆಯೇ ಲಾರಿ ಓಡಿಸುವವನು, ಹಳೆಯ ಗೆಳೆಯ. ಬಾಯಲ್ಲಿ ಸದಾ ಎಲೆ-ಅಡಿಕೆ. ಬಂದವನು ನನ್ನ ಹೊಟ್ಟೆಯನ್ನೂ ಲಾರಿಯ ಕೆಳಗಿನ ಸಂದನ್ನೂ ನೋಡಿ, "ಸಾವ್ಕಾರ, ನೀ ಒಳಗ ಹೋದ್ರ ನಿನ್ನ ಹೊರಗ ತೆಗ್ಯಾಕ ಇನ್ನೊಂದು ಜಾಕ್ ಬೇಕಾಗ್ತೈತಿ" ಎಂದು ತಾನೇ ಕೆಳಗೆ ಜಾರಿಕೊಂಡ. ಇದ್ದದ್ದು ಒಂದೇ ಜಾಕು, ಅಚ್ಚು ಎತ್ತಲಿಕ್ಕೂ ಅದೇ ಬೇಕು. ಹಾಗಾಗಿ ಅವನು ಒಳಗೆ ಹೋಗುವ ಮೊದಲೇ ಚಕ್ರ ಬಿಚ್ಚಿ, ಅಂಗಳದಲ್ಲಿದ್ದ ಹಸಿ ತುಂಡುಗಳನ್ನು ತೊಗಟೆ ಸಮೇತ ಅಡ್ಡಡ್ಡ ಪೇರಿಸಿ, ಲಾರಿಯನ್ನು ಅವುಗಳ ಮೇಲೆ ಕೂಡಿಸಿ ಜಾಕು ತೆಗೆದಿದ್ದೆವು.

ಕೆಳಗಿನಿಂದ ಅವನ ಗುನುಗು ಕೇಳುತ್ತಿತ್ತು. ಅದು ನಿಂತಿತು. ಅಷ್ಟರಲ್ಲಿ ತೊಗಟೆ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದುಕೊಂಡು ತುಂಡು ಜಾರಿತು. ಲಾರಿ ಧಡ್ಡನೆ ನೆಲಕ್ಕೆ ಕೂತಿತು. ಬಗ್ಗಿ ನೋಡುವ ಧೈರ್ಯ ನನಗಾಗಲಿಲ್ಲ. ಶಾಂತಾ ಹಿಟ್ಟಿನ ಕೈಯಲ್ಲೇ ಓಡಿ ಬಂದು ಅವನ ಹೆಸರು ಕೂಗಿದಳು.

ಲಾರಿಯ ಆಚೆ ಬದಿಯಿಂದ ಇನಾಸ ನಡೆದು ಬಂದ. ಗದ್ದವೆಲ್ಲ ಕೆಂಪು. ರಕ್ತವೆಂದುಕೊಂಡು ನಾನು ಹೆಗಲ ಟವೆಲ್ಲು ಒತ್ತಲು ಹೋದೆ. ಎಲೆ-ಅಡಿಕೆಯ ರಸ ಅದು.

"ಮಲಗಿ ಉಗುಳಾಕ ಬರಂಗಿಲ್ಲಲ್ಲ, ಅದಕ್ಕ ಆ ಕಡೆ ಹೊರಗ ಬಂದಿದ್ದೆ" ಎಂದ. ನಗಲು ನೋಡಿದ, ಆಗಲಿಲ್ಲ. ಅವನು ಮಲಗಿದ್ದ ಗೋಣಿಚೀಲ ಲಾರಿಯಡಿ ಸಿಕ್ಕಿಕೊಂಡಿತ್ತು. ಎಷ್ಟು ಜಗ್ಗಿದರೂ ಬರಲಿಲ್ಲ. ಅಂಗಳದಲ್ಲಿ ಉಗುಳಬೇಡವೆಂದು ಅವನಿಗೆ ಯಾವಾಗಲೂ ಬಯ್ಯುತ್ತಿದ್ದ ಶಾಂತಾ ಆ ಕೆಂಪು ಕಲೆಯನ್ನು ತೊಳೆಯಲೇ ಇಲ್ಲ.

ಇಷ್ಟೆಲ್ಲ ಆದಮೇಲೂ ನೋಡಿ, ಇವತ್ತು ಹಳಿಯಾಳದಲ್ಲಿ ಮತ್ತೆ ಪಾಳಿ ಇದೆಯೆಂದು ಗೊತ್ತಾದದ್ದೇ ತಡ, ನಾನೇ ಮಾಡಿದರೆ ಹೇಗೆ ಅನ್ನಿಸಿತು. ಕೈ ತಾನಾಗಿಯೇ ಇನಾಸನಿಗೆ ಫೋನು ಹಚ್ಚಿತು. ಪಾಟಾ ತುಂಡಾಗಿದೆ ಎಂದಷ್ಟೇ ಹೇಳಿದೆ.

"ಬರ್ತೇನಿ. ಜಾಕ್ ತೆಗದಿಡು" ಎಂದ.

ಬೇರೆ ಒಂದು ಮಾತಿಲ್ಲ. ಫೋನು ಇನ್ನೂ ನನ್ನ ಕಿವಿಯಲ್ಲೇ ಇತ್ತು. ಬಾಗಿಲಲ್ಲಿದ್ದ ಶಾಂತಾ ಮೆಲ್ಲಗೆ ಅಂದಳು: "ನಾನ ಮಾಡ್ತೇನಿ ಅಂತೀರಿ. ಕೆಳಗ ಮಲಗಾಂವ ಅಂವಾ."

"ಜಾಕ್ ಬ್ಯಾಡೋ. ಸಾವಕಾಶ ಹಳಿಯಾಳಕ್ಕ ಹೊಡ್ಕೊಂಡು ಹೋಗೂಣು, ಪಾಳಿ ಹಚ್ಚಿ ಕುಂದ್ರೂಣು. ಎಲಿ-ಅಡಿಕಿ ನಾ ತರ್ತೇನಿ" ಎಂದು ಇನಾಸನಿಗೆ ಹೇಳಿದೆ.

ಆ ಕಡೆ ಇನಾಸ ಉಸಿರು ಬಿಟ್ಟದ್ದು ಫೋನಿನಲ್ಲಿ ಕೇಳಿಸಿತು. ಅಲ್ಲಿಯವರೆಗೂ ಅವನು ಅದನ್ನು ಬಿಗಿಹಿಡಿದಿದ್ದ.