ಮಾವ ಸ್ಟೀರಿಂಗ್ ಹಿಡಿದ ವರ್ಷ

ಮಗು ಹುಟ್ಟಿದ ಮೇಲೆ ಮತ್ತೆ ಕೆಲಸಕ್ಕೆ ಸೇರೋಣ ಅಂತ ಹೋದ ತಿಂಗಳು ಒಂದು ಆಫೀಸಿಗೆ ಸಂದರ್ಶನಕ್ಕೆ ಹೋಗಿದ್ದೆ. ಮೇಜಿನ ಆಚೆ ಕೂತಿದ್ದ ಹೆಂಗಸು ನಗುತ್ತಲೇ ಕೇಳಿದರು, “ಇನ್ನು ಕೆಲವು ವರ್ಷಕ್ಕೆ ನೀವು ಏನಾಗಿರಬೇಕು ಅಂತಿದ್ದೀರಿ?” ನನ್ನ ತಲೆಯಲ್ಲಿ ಆಗ ಇದ್ದದ್ದು ಮನೆಯಲ್ಲಿ ಬಿಟ್ಟುಬಂದ ಮಗಳು ಹಾಲು ಕುಡಿದಳೋ ಇಲ್ಲವೋ, ಬಾಲ್ಕನಿ ಬಾಗಿಲಿಗೆ ಚಿಲಕ ಹಾಕಿದ್ದೆನೋ ಇಲ್ಲವೋ ಅನ್ನುವುದಷ್ಟೇ. ಏನೋ ಒಂದು ತೊದಲಿ ಎದ್ದು ಬಂದೆ. ಆಮೇಲೆ ದಾರಿಯುದ್ದಕ್ಕೂ, ಇಂಥ ಪ್ರಶ್ನೆಗೆ ತಡವರಿಸದೆ ಉತ್ತರ ಹೇಳುತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ನೆನಪಾಗುತ್ತಿದ್ದ. ಅಮ್ಮನ ತಮ್ಮ, ನನ್ನ ಸೋದರಮಾವ. ನಮ್ಮ ಬೀದಿಗೆಲ್ಲ ಕಂಡಕ್ಟರ್ ಮಾವ.

ನಾನಾಗ ಎರಡನೇ ಕ್ಲಾಸೋ ಮೂರನೇ ಕ್ಲಾಸೋ. ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ಮಾವ, ನಾನು. ಮಾವನಿಗೆ ಬೆಳಗಿನ ಪಾಳಿ. ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದರೆ ಅಂಗೈಯಲ್ಲಿ ಚಿಲ್ಲರೆಯ ವಾಸನೆ. ಎಷ್ಟು ವರ್ಷ ಬಸ್ಸಿನಲ್ಲಿ ನಿಂತು ಅಭ್ಯಾಸವಾಗಿತ್ತೋ, ಮನೆಯಲ್ಲೂ ಅವನು ಕೂತು ಮಾತಾಡಿದವನಲ್ಲ. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು, ಕಾಲು ಅಗಲಿಸಿ ನಿಲ್ಲುತ್ತಿದ್ದ, ನೆಲವೇ ಅಲ್ಲಾಡುತ್ತಿದೆಯೇನೋ ಅನ್ನುವ ಹಾಗೆ. ನಮ್ಮ ಇಕ್ಕಟ್ಟಿನ ಅಡುಗೆಮನೆಗೆ ನೀರು ಕುಡಿಯಲು ಬಂದರೆ ಬಾಯಿತಪ್ಪಿ “ಮುಂದೆ ಹೋಗಿ, ಮುಂದೆ ಹೋಗಿ” ಅಂದುಬಿಡುತ್ತಿದ್ದ.

“ಇನ್ನೂ ಮುಂದೆ ಹೋದ್ರೆ ಒಲೆ ಕಣೋ” ಅನ್ನುತ್ತಿದ್ದರು ಅಜ್ಜಿ.

ಆದರೆ ಊಟ ಮುಗಿದ ಮೇಲೆ ಆ ನಗು ಇರುತ್ತಿರಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದನೆಂದರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ನಿದ್ದೆಯೂ ಅಲ್ಲ. ನಾನು ಬಗ್ಗಿ ನೋಡಿದಾಗೆಲ್ಲ ಕಣ್ಣು ತೆರೆದೇ ಇರುತ್ತಿತ್ತು. ‘ಮಾವನಿಗೆ ಜ್ವರವಾ’ ಅಂತ ಅಮ್ಮನನ್ನು ಪೀಡಿಸಿ ಬೈಸಿಕೊಂಡದ್ದೂ ಉಂಟು. ಆತಂಕ ಅನ್ನುವುದು ನನಗೆ ತಾಯಿಯಾದ ಮೇಲೆ ಬಂದದ್ದಲ್ಲ, ಬಿಡಿ.

ಒಂದು ರಜೆಯ ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ಮಾವ ಪೀಠಿಕೆಯೇ ಇಲ್ಲದೆ ಹೇಳಿದ, “ಅಕ್ಕಾ, ಈ ವರ್ಷ ನಾನು ಡ್ರೈವರ್ ಆಗ್ತೀನಿ.”

ಅಮ್ಮ ಸೌಟು ಹಿಡಿದ ಕೈ ನಿಲ್ಲಿಸಿದಳು. “ಯಾಕೋ, ಕಂಡಕ್ಟರ್ ಕೆಲಸಕ್ಕೆ ಏನಾಗಿದೆ?”

“ಏನೂ ಆಗಿಲ್ಲ.”

“ಯಾರಾದ್ರೂ ಏನಾದ್ರೂ ಅಂದ್ರಾ?”

“ಯಾರೂ ಏನೂ ಅನ್ಲಿಲ್ಲ. ಹಿಂದೆ ನಿಂತ್ಕೊಂಡು ನೋಡಿದ್ರೆ ಊರೆಲ್ಲ ಪಕ್ಕಕ್ಕೆ ಸರಿದು ಹೋಗ್ತಾನೇ ಇರುತ್ತೆ ಅಕ್ಕಾ. ಒಂದ್ಸಲ ಅದು ಎದುರಿಗೆ ಬರೋದನ್ನ ನೋಡ್ಬೇಕು.”

“ಎದುರಿಗೆ ಬರೋದು ಲಾರಿ” ಅಂದರು ಅಜ್ಜಿ, ತಟ್ಟೆಯಿಂದ ತಲೆ ಎತ್ತದೆ.

ಮಾವನ ಡಿಪೋದಲ್ಲಿ ಒಂದು ನಿಯಮವಿತ್ತು. ಕಂಡಕ್ಟರಾಗಿದ್ದವರು ಒಳಗಿನ ಪರೀಕ್ಷೆ ಪಾಸು ಮಾಡಿ ಡ್ರೈವರ್ ಆಗಬಹುದು, ಆದರೆ ಒಂದು ವಯಸ್ಸಿನ ಒಳಗೆ. ಮಾವನಿಗೆ ಅದು ಕೊನೆಯ ವರ್ಷ. ವರ್ಷದ ನಡುವೆ ಒಂದು ಪರೀಕ್ಷೆ, ಕೊನೆಗೆ ಒಂದು. ಎರಡೂ ಕೈತಪ್ಪಿದರೆ ನಿವೃತ್ತಿಯವರೆಗೆ ಹಿಂದಿನ ಬಾಗಿಲೇ ಗತಿ. ಇದನ್ನೆಲ್ಲ ಅವನು ಮನೆಯಲ್ಲಿ ಹೇಳಿ ಸುಮ್ಮನಾಗಲಿಲ್ಲ. ಹಾಲಿನವನಿಗೆ ಹೇಳಿದ, ಕೆಳಗಿನ ಮನೆಯವರಿಗೆ ಹೇಳಿದ, ಟಿಕೆಟ್ ಕೊಡುತ್ತ ದಿನಾ ಬರುವ ಪ್ರಯಾಣಿಕರಿಗೂ ಹೇಳಿದ.

“ಊರಿಗೆಲ್ಲ ಡಂಗುರ ಹೊಡೆದು ಬಂದಿದ್ದೀಯಲ್ಲ, ನಾಳೆ ಆಗ್ಲಿಲ್ಲ ಅಂದ್ರೆ ಮುಖ ಎಲ್ಲಿಟ್ಕೊತೀಯ?” ಅಮ್ಮ ಕೇಳಿದಳು.

“ಅದಕ್ಕೇ ಹೇಳಿರೋದು. ಯಾರಿಗೂ ಹೇಳದೆ ಇದ್ರೆ ಯಾರಿಗೂ ತಿಳಿಯದ ಹಾಗೆ ಬಿಟ್ಟೂ ಬಿಡ್ತೀನಿ. ನನ್ನ ಬುದ್ಧಿ ನನಗೆ ಗೊತ್ತಿಲ್ವಾ?”

ಆಮೇಲಿನ ಮಧ್ಯಾಹ್ನಗಳು ನನ್ನ ಬಾಲ್ಯದಲ್ಲೇ ಚೆಂದದ ಮಧ್ಯಾಹ್ನಗಳು. ಮುಂದಿನ ಕೋಣೆಯಲ್ಲಿ ಕುರ್ಚಿ ಹಾಕಿ ಮಾವ ಕೂರುತ್ತಿದ್ದ. ಹೌದು, ಕೂರುತ್ತಿದ್ದ. ಕೈಯಲ್ಲಿ ದೊಡ್ಡ ಪಾತ್ರೆಯ ಮುಚ್ಚಳ, ಅದು ಸ್ಟೀರಿಂಗ್. ಪಕ್ಕದಲ್ಲಿ ಬಕೆಟ್ಟು, ಅದರೊಳಗೆ ನಿಲ್ಲಿಸಿದ ಮಡಿಸಿದ ಕೊಡೆ, ಅದು ಗೇರು. ಕಾಲ ಬುಡದಲ್ಲಿ ಅಜ್ಜಿಯ ಚಪ್ಪಲಿ ಕ್ಲಚ್ಚು, ಅಮ್ಮನ ಚಪ್ಪಲಿ ಬ್ರೇಕು, ಅಪ್ಪನ ಬೂಟು ಆಕ್ಸಿಲರೇಟರು. ಅಪ್ಪ ಒಂದು ದಿನ ಊಟಕ್ಕೆ ಬಂದು ಹೊರಡುವಾಗ ಒಂದೇ ಬೂಟು ಹಾಕಿಕೊಂಡು ಇಡೀ ಮನೆ ಸುತ್ತಿ, ಕೊನೆಗೆ “ನನ್ನ ಆಕ್ಸಿಲರೇಟರ್ ಕೊಟ್ರೆ ಆಫೀಸಿಗೆ ಹೋಗ್ತೀನಪ್ಪಾ” ಅಂದಿದ್ದರು. ಹಿಂದಿನ ಸಾಲಿನ ಕುರ್ಚಿಯಲ್ಲಿ ನಾನು. ಒಬ್ಬಳೇ ಪ್ರಯಾಣಿಕಳು, ಒಬ್ಬಳೇ ಕಂಡಕ್ಟರು. ಚಮಚದಿಂದ ಲೋಟಕ್ಕೆ ಒಂದು ಸಲ ಬಡಿದರೆ ನಿಲ್ಲಬೇಕು, ಎರಡು ಸಲ ಬಡಿದರೆ ಹೊರಡಬೇಕು.

“ಮಾವ, ಬ್ರೇಕ್ ಹಿಡೀದೇ ಹೋದ್ರೆ?”

“ಗೇರ್ ಇಳಿಸ್ತೀನಿ.”

“ಗೇರೂ ಕೆಟ್ಟುಹೋದ್ರೆ?”

“ಹ್ಯಾಂಡ್‌ಬ್ರೇಕ್ ಎಳೀತೀನಿ.”

“ಅದೂ ಕಿತ್ತು ಬಂದ್ರೆ?”

“ಆಗ ನಿನ್ನನ್ನೇ ಕೇಳ್ತೀನಿ ಪುಟ್ಟಿ, ಎಲ್ಲಾ ಮೊದಲೇ ಯೋಚನೆ ಮಾಡಿಟ್ಟಿರ್ತೀಯಲ್ಲ.”

ಅವನೊಂದು ಕ್ರಮ ಇಟ್ಟುಕೊಂಡಿದ್ದ. ಒಂದು ವಾರಕ್ಕೆ ಒಂದೇ ಕೆಲಸ. ತಿರುವಿನ ವಾರದಲ್ಲಿ ತಿರುವು ಬಿಟ್ಟರೆ ಬೇರೆ ಮಾತಿಲ್ಲ. ರಿವರ್ಸ್ ವಾರದಲ್ಲಂತೂ ಮನೆಯೊಳಗೆ ಹಿಂದು ಹಿಂದಕ್ಕೇ ನಡೆಯುತ್ತಿದ್ದ, ಭುಜದ ಮೇಲಿಂದ ಕಣ್ಣು ಹಾಯಿಸುತ್ತ. ನೀರಿನ ಕೊಡ ಉರುಳಿಸಿದಾಗ ಅಜ್ಜಿ ಬೈಯುತ್ತಾ ಒರೆಸಿದರು, “ಮುಂದಕ್ಕೆ ಹೋಗ್ತೀನಿ ಅಂದೋನು ಹಿಂದಕ್ಕೆ ಬರ್ತಿದ್ದಾನೆ.” ನಿಜವಾದ ಬಸ್ಸು ಕಲಿಸುತ್ತಿದ್ದವರು ಅವನ ಜೊತೆಯ ಡ್ರೈವರ್. ಮೀಸೆ ಡ್ರೈವರ್ ಅಂತಲೇ ಎಲ್ಲರೂ ಕರೆಯುತ್ತಿದ್ದದ್ದು. ಪಾಳಿ ಮುಗಿದ ಮೇಲೆ ಡಿಪೋ ಅಂಗಳದಲ್ಲಿ ಡಬ್ಬಗಳನ್ನಿಟ್ಟು, ಅವುಗಳ ನಡುವೆ ಬಸ್ಸು ಹಾಯಿಸಲು ಕಲಿಸುತ್ತಿದ್ದರು.

ಈಗ ಯೋಚಿಸಿದರೆ ಅನ್ನಿಸುತ್ತೆ, ಮಾವನಿಗೆ ಡ್ರೈವರ್ ಸೀಟು ಇನ್ನೂ ಸಿಕ್ಕೇ ಇರಲಿಲ್ಲ, ಆದರೂ ಅವನ ದಿನಗಳು ಆಗಲೇ ಬದಲಾಗಿದ್ದವು. ಗೋಡೆ ಕಡೆ ಮುಖ ಮಾಡಿ ಮಲಗುವುದು ನಿಂತಿತ್ತು. ಅವನಿಗಷ್ಟೇ ಅಲ್ಲ, ನಮ್ಮ ಮನೆಗೇ ಎಲ್ಲಿಗೋ ಹೊರಟ ಕಳೆ ಬಂದಿತ್ತು. ‘ಈ ವಾರ ಏನು’ ಅಂತ ಅಪ್ಪ ಕೂಡ ಪೇಪರ್ ಮಡಿಸಿಟ್ಟು ಕೇಳುತ್ತಿದ್ದರು.

ಮೊದಲ ಪರೀಕ್ಷೆಯ ದಿನ ಸಂಜೆ ಮಾವ ಒಬ್ಬನೇ ಬರಲಿಲ್ಲ. ಹಿಂದೆ ಮೀಸೆ ಡ್ರೈವರ್ ಇದ್ದರು. ಮಾವ ಯಾರ ಮುಖವನ್ನೂ ನೋಡದೆ ಒಳಗೆ ಹೋದ. ಮೀಸೆಯವರು ಕುರ್ಚಿಯ ತುದಿಯಲ್ಲಿ ಕೂತು, ಅಮ್ಮ ಕೊಟ್ಟ ಟೀ ಹಿಡಿದು, ನಗು ತಡೆಯಲು ಪಾಡು ಪಡುತ್ತ ನಡೆದದ್ದನ್ನು ಹೇಳಿದರು.

ಪರೀಕ್ಷಕರು ಮೊದಲೇ ಹೇಳಿದ್ದರಂತೆ, ‘ನಾನು ಮಾತಾಡೋದಿಲ್ಲ, ದಾರಿಯಲ್ಲಿ ಬರೋ ಸ್ಟಾಪಲ್ಲೆಲ್ಲ ನಿಲ್ಲಿಸಿ ಹೋಗ್ತಾ ಇರಿ.’ ಮಾವ ಡಬ್ಬಗಳ ನಡುವೆ ಹಾಯಿಸಿದ್ದು, ಗೇಟಿನಿಂದ ರಸ್ತೆಗೆ ತಿರುಗಿಸಿದ್ದು, ಎಲ್ಲ ಬೆಣ್ಣೆಯ ಹಾಗೆ. ಮೊದಲ ಸ್ಟಾಪಿನಲ್ಲಿ ಗೆರೆ ಎಳೆದ ಹಾಗೆ ನಿಲ್ಲಿಸಿದ. ನಿಂತ. ನಿಂತೇ ಇದ್ದ. ಹಿಂದೆ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. ಪರೀಕ್ಷಕರು ಕಾದು ಕಾದು ಕೇಳಿದರು, “ಯಾಕ್ರೀ ನಿಂತಿದ್ದೀರಿ?”

“ಬೆಲ್ ಆಗಿಲ್ಲ ಸಾರ್” ಅಂದನಂತೆ ಮಾವ.

“ಖಾಲಿ ಬಸ್ಸು ಕಣಮ್ಮಾ” ಅಂದರು ಮೀಸೆಯವರು ಅಮ್ಮನಿಗೆ, “ಹಿಂದೆ ನಾನೊಬ್ಬನೇ ಕೂತಿದ್ದೆ. ಬೆಲ್ ಹೊಡೆಯೋಕೆ ಯಾರಿದ್ದಾರೆ? ಅಷ್ಟಕ್ಕೇ ಬಿಟ್ಟಿದ್ರೆ ಪರೀಕ್ಷಕರು ನಕ್ಕು ಸುಮ್ಮನಾಗ್ತಿದ್ರೋ ಏನೋ. ನಿಮ್ಮ ತಮ್ಮ ಏನ್ ಮಾಡಿದ ಕೇಳಿ. ಸೀಟಿಂದ ಎದ್ದ, ಹಿಂದಕ್ಕೆ ನಡ್ಕೊಂಡು ಬಂದ, ಹಗ್ಗ ಹಿಡಿದು ತಾನೇ ಎರಡು ಬೆಲ್ ಹೊಡೆದ, ವಾಪಸ್ ಹೋಗಿ ಕೂತ. ಎಂಜಿನ್ ಚಾಲೂ ಇದ್ದಾಗ ಸೀಟು ಬಿಟ್ಟು ಎದ್ರೆ ಅಲ್ಲಿಗೇ ಮುಗೀತು, ಬೇರೇನೂ ನೋಡೋದಿಲ್ಲ ಅವರು.”

ಅಪ್ಪ ಮುಖಕ್ಕೆ ಪೇಪರ್ ಅಡ್ಡ ಹಿಡಿದರು. ಪೇಪರ್ ಅಲುಗುತ್ತಿತ್ತು. ಅಮ್ಮನಿಗೆ ನಗು ಬರಲಿಲ್ಲ.

ಡಿಪೋದಲ್ಲಿ ಮಾವನಿಗೆ ‘ಡಬಲ್ ಬೆಲ್’ ಅಂತ ಹೆಸರು ಬಿತ್ತು. ಕ್ಯಾಂಟೀನಿಗೆ ಕಾಲಿಟ್ಟರೆ ಸಾಕು, ಯಾರಾದರೂ ಲೋಟಕ್ಕೆ ಎರಡು ಸಲ ಬಡಿಯುವವರೇ. ಹಾಲಿನವನಿಂದ ಹಿಡಿದು ಎಲ್ಲರಿಗೂ ಹೇಳಿಕೊಂಡಿದ್ದನಲ್ಲ, ಎಲ್ಲರೂ ಕೇಳುವವರೇ. ಮಾವ ಮತ್ತೆ ಗೋಡೆಗೆ ಮುಖ ಮಾಡಿದ. ಅಮ್ಮ ಮುಚ್ಚಳ ಎತ್ತಿ ಅಡುಗೆಮನೆಯಲ್ಲಿ ಇಟ್ಟಳು, ಕೊಡೆ ಮೊಳೆಗೆ ಹೋಯಿತು. “ಇದ್ದ ಕೆಲಸ ಚೆನ್ನಾಗೇ ಇದೆ. ಆಸೆ ಪಟ್ಟಾಯ್ತು, ನೋಡಾಯ್ತು. ಇನ್ನು ಬಿಡು” ಅಂದಳು. ಮಾವ ಹೂಂ ಅಂದ. ಆ ಹೂಂ ಕೇಳಿ ನಾನೂ ನನ್ನ ಲೋಟ, ಚಮಚ ಎತ್ತಿ ಒಳಗಿಟ್ಟೆ. ಅಷ್ಟು ಚಿಕ್ಕವಳಿಗೆ ಗೆಲುವು ಸೋಲು ಏನು ತಿಳಿಯುತ್ತೆ, ಆದರೆ ನಾಳೆಯ ಮಧ್ಯಾಹ್ನಕ್ಕೆ ಏನೂ ಇಲ್ಲ ಅನ್ನುವುದು ತಿಳಿದಿತ್ತು.

ಆಶ್ಚರ್ಯವೆಂದರೆ ಅಜ್ಜಿ ಸುಮ್ಮನಿರಲಿಲ್ಲ. ಒಂದು ಮಧ್ಯಾಹ್ನ ಮೀಸೆಯವರು ಬಂದಿದ್ದಾಗ, ಮಲಗಿದ್ದ ಮಗನ ಕಡೆ ಕೈ ತೋರಿಸಿ, “ಇವನನ್ನ ಎಬ್ಬಿಸಪ್ಪಾ. ಹಿಂದಕ್ಕೆ ನಡೆದು ಕೊಡ ಒಡೆದ್ರೂ ಪರವಾಗಿಲ್ಲ, ಹೀಗೆ ಬಿದ್ಕೊಂಡಿರೋದು ನನಗೆ ನೋಡೋಕಾಗಲ್ಲ” ಅಂದರು.

ಮೀಸೆಯವರು ಹಾಸಿಗೆಯ ಪಕ್ಕ ಕೂತರು. “ಏನ್ ಕಂಡಕ್ಟ್ರೇ, ಇಷ್ಟು ವರ್ಷ ನಾನು ನಿನ್ನ ಬೆಲ್ ಕೇಳಿ ಬಸ್ಸು ಹೊರಡಿಸ್ತಿದ್ದೆ ಅಂದ್ಕೊಂಡ್ಯಾ?”

ಮಾವ ತಿರುಗಿದ. “ಮತ್ತೆ?”

“ಕನ್ನಡಿ ನೋಡ್ತೀನಿ. ಹತ್ತೋರು ಹತ್ತಿದ್ರಾ, ಇಳಿಯೋರು ಇಳಿದ್ರಾ, ಹಿಂದೆ ಯಾರಿದ್ದಾರೆ, ಎಲ್ಲಾ ನೋಡಿ ಕಾಲು ಎತ್ತೋ ಹೊತ್ತಿಗೆ ನಿನ್ನ ಬೆಲ್ ಆಗುತ್ತೆ. ನೀನು ಹೊಡೀತೀಯ, ಸರಿ. ಹೊರಡೋನು ನಾನೇ ತಾನೇ?”

“ಇಷ್ಟು ದಿನ ಹೇಳ್ಲಿಲ್ವಲ್ಲ ಅಣ್ಣಾ ನೀವು.”

“ನಿನಗೆ ಬೇಜಾರಾಗುತ್ತೆ ಅಂತ.”

ಮಾವ ಎದ್ದು ಕೂತ. ಜೋರಾಗಿ ನಕ್ಕ. ಪರೀಕ್ಷೆಯಾದ ಮೇಲೆ ಮೊದಲ ಸಲ.

ಮತ್ತೆ ಕುರ್ಚಿ ಬಂತು. ಅಜ್ಜಿಯ ಕೈಗನ್ನಡಿಯನ್ನು ದಾರದಲ್ಲಿ ಕಿಟಕಿ ಸರಳಿಗೆ ಕಟ್ಟಿದ್ದಾಯಿತು. ಈ ಸಲ ನನ್ನ ಕೆಲಸವೇ ಬೇರೆ. ಬೇಕಾದಾಗ ಬಡಿಯಬಹುದು, ಬೇಡವಾದಾಗಲೂ ಬಡಿಯಬಹುದು, ಬಡಿಯದೆಯೂ ಇರಬಹುದು. ಮಾವ ನನ್ನ ಲೋಟವನ್ನು ನಂಬಕೂಡದು, ಕನ್ನಡಿ ನೋಡಿಯೇ ಹೊರಡಬೇಕು. ಮೊದಮೊದಲು ನಾನು ಎರಡು ಸಲ ಬಡಿದರೆ ಸಾಕು, ಅವನ ಕಾಲು ತಾನಾಗಿ ಅಜ್ಜಿಯ ಚಪ್ಪಲಿಯಿಂದ ಮೇಲೇಳುತ್ತಿತ್ತು. “ಪ್ರಯಾಣಿಕರು ಇನ್ನೂ ಹತ್ತಿಲ್ಲ” ಅಂತ ಅಜ್ಜಿ ಹಿಂದಿನಿಂದ ಬೆದರಿಸುತ್ತಿದ್ದರು. ಅವರೂ ಈಗ ಬಸ್ಸಿನಲ್ಲಿ ಬರುತ್ತಿದ್ದರು, ಸೊಪ್ಪು ಬಿಡಿಸುವ ಮೊರ ತೊಡೆಯ ಮೇಲಿಟ್ಟುಕೊಂಡು. ಕೊನೆಗೊಂದು ದಿನ ನಾನು ಕೈ ಸೋಲುವಷ್ಟು ಬಡಿದರೂ ಮಾವ ಅಲುಗಲಿಲ್ಲ. ಕನ್ನಡಿ ನೋಡಿದ, ಎದುರು ನೋಡಿದ, ತನಗೆ ಸರಿ ಕಂಡಾಗ ಹೊರಟ.

ಎರಡನೆಯ ಪರೀಕ್ಷೆಯಲ್ಲಿ ಪಾಸಾದ. ಪರೀಕ್ಷಕರು ಅವರೇ ಇದ್ದರಂತೆ. ಇಳಿಯುವಾಗ, “ಬೆಲ್ ಇಲ್ದೆ ಬಂದ್ರಲ್ಲ” ಅಂದರಂತೆ.

ಮಾವ ಡ್ರೈವರ್ ಆಗಿ ಓಡಿಸಿದ ಮೊದಲ ದಿನ ಅಮ್ಮ ನನ್ನನ್ನು ಕರೆದುಕೊಂಡು ಆ ಬಸ್ಸು ಹತ್ತಿದಳು. ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಪ್ರತಿ ತಿರುವಿಗೂ ತಾನೇ ಬ್ರೇಕು ಒತ್ತುವ ಹಾಗೆ ಕಾಲು ಚಾಚುತ್ತಿದ್ದಳು. ನಾನೂ ಹೆದರಿದ್ದೆ. ಆದರೆ ಮಾವನ ಕುತ್ತಿಗೆ ಹಿಂದಿನಿಂದ ಕಾಣುತ್ತಿತ್ತು, ನೆಟ್ಟಗೆ, ಗಟ್ಟಿಯಾಗಿ. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ಏನನ್ನೂ ಕೇಳದಿದ್ದರೂ ಅಮ್ಮ ಅವರ ಕಡೆ ವಾಲಿ ಮೆಲ್ಲಗೆ, “ಡ್ರೈವರ್ ನಮ್ಮ ತಮ್ಮ” ಅಂದಳು.

ಕಥೆಯನ್ನು ಇಲ್ಲಿಗೇ ಮುಗಿಸಿಬಿಟ್ಟಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಒಂದು ತಿಂಗಳಾಗುವಷ್ಟರಲ್ಲಿ ಮಾವನಿಗೆ ಬೆನ್ನು ನೋವು ಹಿಡಿಯಿತು. ಎಂಜಿನ್ನಿನ ಬಿಸಿಗೆ ಎಡಗಾಲು ಬೇಯುತ್ತದೆ ಅನ್ನುತ್ತಿದ್ದ. ಹಿಂದೆ ದಿನವಿಡೀ ಪ್ರಯಾಣಿಕರ ಜೊತೆ ಹರಟೆ, ಜಗಳ, ನಗು. ಮುಂದೆ ಗಾಜಿನೆದುರು ಒಬ್ಬನೇ. ಒಂದು ಬೆಳಿಗ್ಗೆ ಅಮ್ಮ ಅವನ ಬೆನ್ನಿಗೆ ಎಣ್ಣೆ ತಿಕ್ಕುತ್ತ ಕೇಳಿಯೇಬಿಟ್ಟಳು, “ಬೇಕಿತ್ತೇನೋ ಇದೆಲ್ಲ ನಿನಗೆ? ಆರಾಮವಾಗಿ ಇದ್ದೆ.”

ಮಾವ ಪಕ್ಕದಲ್ಲಿ ಬಿದ್ದಿದ್ದ ಶರ್ಟನ್ನು ಎಳೆದು ಹಾಕಿಕೊಳ್ಳುತ್ತ ಯೋಚಿಸಿದ. ಸುಳ್ಳು ಹೇಳುವವನಲ್ಲ ಅವನು. “ಮಾತಾಡೋರಿಲ್ಲ ಅಕ್ಕಾ, ಅದೊಂದು ಕಷ್ಟ. ಬೆನ್ನಂತೂ ಕೇಳ್ಲೇಬೇಡ” ಅಂದ. ಆಮೇಲೆ ಗುಂಡಿ ಹಾಕುತ್ತ, “ಆದ್ರೂ ಬೇಕಿತ್ತು” ಅಂದ. ಟಿಫಿನ್ ಡಬ್ಬಿ ಎತ್ತಿಕೊಂಡು, ಸೊಂಟ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಪಾಳಿಗೆ ಹೋದ.