ವಕೀಲಮ್ಮ ಓದಿಸಿದ ಹದಿನಾಲ್ಕನೇ ಕಲಂ

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಇವತ್ತು ಬೆಳಿಗ್ಗೆ ಹನ್ನೊಂದು ಗಂಟೆಗೆ ನನ್ನ ಮೊಮ್ಮಗಳು ಕರಾರಿಗೆ ಸಹಿ ಹಾಕಿದಳು! ಕಾಫಿ ಚೀಲಕ್ಕೆ ಚುಚ್ಚಿದರೆ ಒಳಗಿನ ಕಾಫಿ ಒಣಗಿದೆಯೋ ಹಸಿಯಿದೆಯೋ ಎಂದು ಫೋನಿಗೆ ಹೇಳುವ ಒಂದು ಕೋಲನ್ನು ಅವಳು ಮಾಡಿದ್ದಾಳೆ. ಆ ಕೋಲು ಇನ್ನು ಮೇಲೆ ಒಂದು ದೊಡ್ಡ ಕಂಪನಿಯ ಗೋದಾಮುಗಳಲ್ಲೆಲ್ಲ ಇರುತ್ತದೆ. ಆದರೂ ಕೋಲು ಅವಳದೇ. ಈ ಕೊನೆಯ ಮಾತು ಇದೆಯಲ್ಲ, ಅದಕ್ಕಾಗಿಯೇ ನಾನು ಸೊಸೆಯಿಂದ ಈ ನೋಟ್‌ಬುಕ್ ಕೇಳಿ ತೆಗೆದುಕೊಂಡು ಕೂತಿರುವುದು. ಆ ಮಾತನ್ನು ಉಳಿಸಿಕೊಟ್ಟವರು ಒಬ್ಬರಿದ್ದಾರೆ.

ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಬಲಗೈ ಕಿರುಬೆರಳಿನ ಉಗುರು. ಬಣ್ಣವಿಲ್ಲದ, ಉದ್ದಕ್ಕೆ ಬಿಟ್ಟ, ಗಟ್ಟಿ ಉಗುರು. ಕಾಗದ ಓದುವಾಗ ಆ ಉಗುರು ಸಾಲಿನ ಕೆಳಗೆ ನಿಧಾನವಾಗಿ ಹೋಗುತ್ತಿತ್ತು. ಸರಿಯಿಲ್ಲದ ಮಾತು ಬಂದಲ್ಲಿ ಒತ್ತಿ ಗೆರೆ ಎಳೆಯುತ್ತಿತ್ತು. ಮಸಿಯಿಲ್ಲದ ಗೆರೆ, ಕಾಗದವನ್ನು ಬಿಸಿಲಿಗೆ ಓರೆ ಹಿಡಿದರೆ ಮಾತ್ರ ಕಾಣುವಂಥದ್ದು. ಪೆನ್ನು ಇಲ್ಲವೇ ಎಂದು ಒಮ್ಮೆ ಕೇಳಿದ್ದೆ.

"ಪೆನ್ನಲ್ಲಿ ಗೀಚಿದ್ರೆ ನಾವು ಎಲ್ಲಿ ಹೆದರಿದ್ದೇವೆ ಅಂತ ಎದುರಿನವರಿಗೆ ಗೊತ್ತಾಗ್ತದೆ ಅಜ್ಜಿ," ಎಂದರು.

ಅವರು ನಮ್ಮ ಪಕ್ಕದ ಹೆಂಚಿನ ಮನೆಗೆ ಬಾಡಿಗೆಗೆ ಬಂದದ್ದು ದನದ ಡಾಕ್ಟರ ಹೆಂಡತಿಯಾಗಿ. ಡಾಕ್ಟರಿಗೆ ಪುಲ್ಪಳ್ಳಿಯ ಮೃಗಾಸ್ಪತ್ರೆಗೆ ವರ್ಗವಾಗಿತ್ತು. ಆರು ತಿಂಗಳು ಕಳೆಯುವಷ್ಟರಲ್ಲಿ ಹೊಳೆಯ ದಡದ ನಮ್ಮೂರು ಮರಕ್ಕಡವಿನಲ್ಲಿ ಡಾಕ್ಟರನ್ನೇ ಎಲ್ಲರೂ 'ವಕೀಲಮ್ಮನ ಗಂಡ' ಎನ್ನತೊಡಗಿದರು. ವಕೀಲಮ್ಮ ಕಾಸರಗೋಡಿನ ಕಡೆಯವರು, ಮನೆಮಾತು ಕನ್ನಡ. ನಾಲ್ಕನೇ ಕ್ಲಾಸಿನ ತನಕ ದೋಣಿಯಲ್ಲಿ ಹೊಳೆ ದಾಟಿ ಆಚೆ ದಡದ ಕರ್ನಾಟಕದ ಕನ್ನಡ ಶಾಲೆಗೆ ಹೋದ ನಾನು, ಪಕ್ಕದ ಮನೆಯಲ್ಲಿ ಕನ್ನಡ ಕೇಳಿಸಿದ ದಿನ ಹಾಲಿನ ತಂಬಿಗೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಿದ್ದೆ. ಅವರ ಕನ್ನಡ ಕೇಳಿದರೆ ನನಗೆ ನಗು, ನನ್ನದು ಕೇಳಿದರೆ ಅವರಿಗೆ.

"ನೀವ್ ಕೋರ್ಟ್‌ಗೆ ಹೋಗೋದೇ ಇಲ್ವಲ್ಲ ಮೋಳೆ, ಅದ್ಯಾವ ಸೀಮೆ ವಕೀಲ್ರು ನೀವು?" ಎಂದು ಕೇಳಿದೆ. ಮಗಳೇ ಎನ್ನುವುದಕ್ಕೆ ನಮ್ಮ ಬಾಯಿಗೆ ಮಲಯಾಳದ ಮೋಳೆಯೇ ಬರುವುದು.

"ಕಂಪ್ಯೂಟರ್ ಕೆಲಸದ ಕಂಪನಿಗಳಿಗೆ ಕರಾರು ಬರೆದು ಕೊಡ್ತೇನೆ. ಅವರು ನಾಳೆ ಆಡಬೇಕಾದ ಜಗಳವನ್ನೆಲ್ಲ ನಾನು ಇವತ್ತೇ ಆಡಿ ಮುಗಿಸ್ತೇನೆ. ಆಮೇಲೆ ಕೋರ್ಟಿಗೆ ಎಂತಕ್ಕೆ ಹೋಗುವುದು?"

"ಹಂಗಾದ್ರೆ ಜಗಳಗಂಟಿ ಅನ್ನಿ."

"ಅದೇ. ಓದಿದ ಜಗಳಗಂಟಿ!"

ಆದರೆ ಅವರು ಜಗಳವಾಡುವುದನ್ನು ನಾನು ನೋಡಿದ್ದೇನೆ; ಅಂಥ ಜಗಳವನ್ನು ಮತ್ತೆಲ್ಲೂ ಕಂಡಿಲ್ಲ. ಜಗಲಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಒಂದು ಪ್ರಶ್ನೆ ಕೇಳುವುದು, ಆಮೇಲೆ ಸುಮ್ಮನಾಗುವುದು. ನಾನು ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿರುತ್ತಿದ್ದೆ. ಒಂದು ಸಲ ಅವರು ಸುಮ್ಮನಿದ್ದಷ್ಟು ಹೊತ್ತಿನಲ್ಲಿ ನನ್ನ ಮಡಿಲಿನ ಕಾಯಿಯೆಲ್ಲ ಮುಗಿಯಿತು. ಪರದೆಯ ಮೇಲಿನ ನಾಲ್ಕು ಜನ ಮುಖ ಮುಖ ನೋಡಿಕೊಂಡರು. ಕೊನೆಗೆ ಅದರಲ್ಲೊಬ್ಬ ತಾನಾಗಿಯೇ ಏನೋ ಹೇಳಿದ. ವಕೀಲಮ್ಮ 'ಥ್ಯಾಂಕ್ಯೂ' ಎಂದು ಮುಗಿಸಿದರು.

"ಖಾಲಿ ಜಾಗ ಕಂಡ್ರೆ ಮನುಷ್ಯರಿಗೆ ತುಂಬಿಸದೆ ಇರ್ಲಿಕ್ಕೆ ಆಗುವುದಿಲ್ಲ ಅಜ್ಜಿ. ನಾನು ಸುಮ್ಮನಿದ್ದೆ, ಅವನೇ ತುಂಬಿಸಿದ," ಎಂದು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು.

ಇನ್ನೊಂದು ಅಭ್ಯಾಸವಿತ್ತು ಅವರಿಗೆ. ತಾವು ಬರೆದ ಯಾವ ಕರಾರನ್ನೂ ಯಾರಾದರೂ ಹೆಚ್ಚು ಓದದವರ ಮುಂದೆ ಓದಿ ಹೇಳದೆ ಕಳಿಸುತ್ತಿರಲಿಲ್ಲ. ಹಿಂದೆ ಪಟ್ಟಣದ ಆಫೀಸಿನಲ್ಲಿದ್ದಾಗ ಚಹಾ ಮಾಡುವ ಹೆಂಗಸಿಗೆ ಹೇಳುತ್ತಿದ್ದರಂತೆ. ಇಲ್ಲಿ ಆ ಪಾಳಿ ನನ್ನದಾಯಿತು. ಹೆಸರು, ಊರು ಏನನ್ನೂ ಹೇಳುತ್ತಿರಲಿಲ್ಲ. 'ಒಬ್ಬರು', 'ಇನ್ನೊಬ್ಬರು' ಎಂದಷ್ಟೇ. ಇಂಗ್ಲಿಷಿನಿಂದ ಕನ್ನಡಕ್ಕೆ ಅಲ್ಲಲ್ಲೇ ತಿರುಗಿಸಿ ಓದಿ, "ಈಗ ನೀವು ಹೇಳಿ" ಎನ್ನುವರು. ನಾನು ನನ್ನ ಮಾತಿನಲ್ಲಿ ಹೇಳಬೇಕು. ನನಗೆ ಹೇಳಲು ಬರದಿದ್ದರೆ ತಪ್ಪು ನನ್ನದಲ್ಲ, ಕಾಗದದ್ದು. ಅವರು ಕೂತು ಮತ್ತೆ ಬರೆಯುವರು.

"ಕಲಿತವರಿಗೆ ಓದಿದ್ರೆ ಅರ್ಥ ಆಗದಿದ್ರೂ ತಲೆ ಆಡಿಸ್ತಾರೆ. ನೀವು ಆಡಿಸುವುದಿಲ್ಲ," ಎನ್ನುತ್ತಿದ್ದರು.

ನನಗೆ ಅರವತ್ತೆಂಟು ವರ್ಷ. ಅಷ್ಟು ವರ್ಷದಲ್ಲಿ ಕಾಗದ ಹಿಡಿದು ಬಂದವರೆಲ್ಲ ಎಲ್ಲಿ ಹೆಬ್ಬೆಟ್ಟು ಒತ್ತಬೇಕು, ಎಲ್ಲಿ ಸಹಿ ಹಾಕಬೇಕು ಎಂದು ಬೆರಳಿಟ್ಟು ತೋರಿಸಿದವರೇ. ಇದರಲ್ಲಿ ಏನಿದೆ, ನೀನು ಹೇಳು ಎಂದು ಕೇಳಿದವರು ಅವರೊಬ್ಬರೇ.

ಈಗ ಮೊಮ್ಮಗಳ ಕೋಲಿನ ವಿಷಯಕ್ಕೆ ಬರುತ್ತೇನೆ. ಇಂಜಿನಿಯರಿಂಗ್ ಮುಗಿಸಿ ಬಂದವಳು ಮೂರು ವರ್ಷ ನಮ್ಮ ಕಾಫಿ ಕಣದಲ್ಲೇ ಕೂತು ಅದನ್ನು ಮಾಡಿದಳು. ಒಣಗಿದ ಕಾಫಿಯನ್ನು ನಾನು ಬೊಗಸೆಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿ, ಗಲಗಲ ಶಬ್ದ ಕೇಳಿ, "ಇನ್ನೆರಡ್ ಬಿಸ್ಲು ಬೇಕು" ಎನ್ನುತ್ತಿದ್ದೆ. ಅವಳು ಅದನ್ನು ಬರೆದುಕೊಂಡು ಕೋಲಿಗೆ ಕಲಿಸುತ್ತಿದ್ದಳು. ನನ್ನ ಕಿವಿಯೂ ಕೋಲೂ ಒಂದೇ ಮಾತು ಹೇಳಿದ ದಿನ ಇಬ್ಬರೂ ಕಣದಲ್ಲಿ ಕುಣಿದದ್ದೇ ಕುಣಿದದ್ದು.

ಕಂಪನಿಯಿಂದ ಮೂವತ್ತೊಂದು ಪುಟದ ಕರಾರು ಬಂತು. ಅವತ್ತೇ ಸಹಿ ಹಾಕಿ ಕಳಿಸುವ ಆತುರ ಅವಳಿಗೆ. "ಚೇಚಿ ಒಂದ್ಸಲ ನೋಡ್ಲಿ ತಾಳು" ಎಂದು ನಾನೇ ವಕೀಲಮ್ಮನ ಹತ್ತಿರ ಎಳೆದುಕೊಂಡು ಹೋದೆ; ಅವಳು ಅವರನ್ನು ಮಲಯಾಳದಲ್ಲಿ ಚೇಚಿ, ಅಂದರೆ ಅಕ್ಕ, ಎಂದೇ ಕರೆಯುವುದು. ವಕೀಲಮ್ಮ ನಾಲ್ಕು ಮಧ್ಯಾಹ್ನ ಓದಿದರು. ಹದಿಮೂರು ಕಲಂ ತನಕ ನಾನು ಸರಾಗವಾಗಿ ತಿರುಗಿಸಿ ಹೇಳಿದೆ. ಹದಿನಾಲ್ಕನೆಯದನ್ನು ಅವರು ಎರಡು ಸಲ ಓದಿದರು. ಕರಾರು ಇರುವಷ್ಟು ದಿನ ಆ ಕೋಲಿಗೆ ಯಾರು ಏನೇ ಸೇರಿಸಿದರೂ, ಏನೇ ಸುಧಾರಿಸಿದರೂ ಅದೆಲ್ಲ ಕಂಪನಿಯದು. ಕರಾರು ಮುಗಿದ ಮೇಲೆ ಐದು ವರ್ಷ ಅವಳು ಅಂಥದ್ದನ್ನು ಬೇರೆ ಯಾರಿಗೂ ಮಾಡಿಕೊಡಬಾರದು.

"ಈಗ ನೀವು ಹೇಳಿ ಅಜ್ಜಿ."

"ಅಂದ್ರೆ, ಬೋರ್ ಹೊಡ್ಸೋರು ನಾವು, ನೀರು ಅವ್ರದು."

"ಎಂತ ಬೋರು?"

ನಮ್ಮ ಜೊತೆ ಬಂದು ಜಗಲಿಯ ತುದಿಯಲ್ಲಿ ಕೂತಿದ್ದ ನಮ್ಮ ಯಜಮಾನರು ಎದ್ದು ಅಂಗಳಕ್ಕೆ ಇಳಿದು ಹೋದರು. ಅವರು ಹೋದ ಮೇಲೆ ನಾನು ಹೇಳಿದೆ. ಇಲ್ಲಿಯ ಸುಮಾರು ಜನ ಮಾಡುವ ಹಾಗೆ ನಾವೂ ಹೊಳೆಯಾಚೆ ಕರ್ನಾಟಕದಲ್ಲಿ ಶುಂಠಿಗೆಂದು ಹದಿನೆಂಟು ತಿಂಗಳಿಗೆ ಮೂರು ಎಕರೆ ಗುತ್ತಿಗೆ ಹಿಡಿದಿದ್ದೆವು. ಒಣ ನೆಲ. ಬೋರು ಹೊಡೆಸಿದೆವು, ಪಂಪು ಇಳಿಸಿದೆವು, ಪೈಪು ಎಳೆದೆವು, ತಗಡಿನ ಶೆಡ್ಡು ಕಟ್ಟಿದೆವು. ಶುಂಠಿ ಚೆನ್ನಾಗಿಯೇ ಬಂತು. ಹೊರಡುವ ದಿನ ಲಾರಿಗೆ ಪಂಪು ಏರಿಸುವಾಗ ಜಮೀನಿನವರು ಬಂದು ಕಾಗದ ತೋರಿಸಿದರು. ನೆಲಕ್ಕೆ ಸೇರಿಸಿದ್ದೆಲ್ಲ ನೆಲದೊಂದಿಗೇ ಉಳಿಯತಕ್ಕದ್ದು ಎಂದು ಅದರಲ್ಲಿತ್ತು, ಕೆಳಗೆ ಯಜಮಾನರ ಸಹಿ. ಅವರ ಕಡೆಯವನು ಗಡಗಡ ಓದಿದ್ದ, ಇವರು ಹೂಂ ಎಂದಿದ್ದರು. ಪಂಪು, ಪೈಪು, ಕೊನೆಗೆ ತಗಡು ಕೂಡ ಬಿಟ್ಟು ಬಂದೆವು. ಯಜಮಾನರು ಆಮೇಲೆ ಆ ಮಾತನ್ನು ಮನೆಯಲ್ಲಿ ಎತ್ತಿಲ್ಲ. ಬೇರೆ ಯಾರಾದರೂ ಎತ್ತಿದರೆ ಎದ್ದು ಹೋಗುತ್ತಾರೆ.

ವಕೀಲಮ್ಮ ಕಂಪ್ಯೂಟರ್ ಮುಚ್ಚಿದರು. ಅಯ್ಯೋ ಪಾಪ ಎನ್ನಲಿಲ್ಲ. ಅವರು ಕೇಳಿದ ಮಾತು ಇದು: "ಆ ಕಾಗದದಲ್ಲಿ ಎಂತ ಬರೆದಿದ್ರೆ ನಿಮಗೆ ಸರಿ ಆಗ್ತಿತ್ತು?"

ಅಂಥ ಪ್ರಶ್ನೆಯನ್ನು ನಾನು ನನಗೇ ಕೇಳಿಕೊಂಡಿರಲಿಲ್ಲ. ಯೋಚಿಸಿ ಹೇಳಿದೆ: "ತೂತು ಅವ್ರದೇ ಇರ್ಲಿ. ತೂತ ಹೊತ್ಕೊಂಡ್ ಬರೋಕಾಯ್ತದಾ? ಅದು ಅವ್ರ ನೆಲಕ್ಕೆ ಅಂತ್ಲೇ ಹೊಡ್ದದ್ದು. ಆದ್ರೆ ಪಂಪು ನಾವ್ ತಂದದ್ದು. ಯಾವ್ ನೆಲಕ್ಕಾದ್ರೂ ಆಯ್ತದೆ. ಅದು ನಮ್ ಜೊತೆ ಬರ್ಬೇಕು."

ಅವರು ಕಂಪ್ಯೂಟರ್ ತೆರೆದು ಟಕಟಕ ಬರೆದರು. ಕಂಪನಿಯ ಗೋದಾಮಿಗೆಂದೇ ಮಾಡಿದ್ದು, ಬೇರೆಡೆ ಕೆಲಸಕ್ಕೆ ಬಾರದ್ದು, ಕಂಪನಿಗೆ. ಎಲ್ಲಿಗಾದರೂ ಹೊಂದುವಂಥದ್ದು, ಕೋಲೂ ಅದರ ಕಲಿಕೆಯೂ, ಮಾಡಿದವಳಿಗೆ. "ಪುಸ್ತಕದಲ್ಲಿ ಇದಕ್ಕೆ ಎರಡು ಪುಟ ಉಂಟು. ನೀವು ಒಂದು ಉಸಿರಲ್ಲಿ ಹೇಳಿದ್ರಿ ಮಾರಾಯ್ರೆ," ಎಂದರು. ನಾನು ಹಾಲಿನ ತಂಬಿಗೆ ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ಕಂಪನಿಯ ವಕೀಲರು ಪರದೆಯ ಮೇಲೆ ಬಂದು, ಇದು ನಾವು ಎಲ್ಲರಿಗೂ ಕೊಡುವ ಕಾಗದ, ಬದಲಾಯಿಸುವ ಪದ್ಧತಿಯಿಲ್ಲ ಎಂದರಂತೆ. ಮೊಮ್ಮಗಳು ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ವಕೀಲಮ್ಮ ನಗುತ್ತಲೇ ಉತ್ತರ ಕೊಟ್ಟರು: ಎಲ್ಲರಿಗೂ ಕೊಡುವುದಾದರೆ ಅದು ನಮಗಾಗಿ ಬರೆದದ್ದಲ್ಲ; ನಮಗಾಗಿ ಒಂದು ಬರೆಯೋಣ. ಆಮೇಲೆ ಎಂದಿನಂತೆ ಸುಮ್ಮನಾದರು. ಆದರೆ ಈ ಸಲ ಎದುರಿನವರೂ ಸುಮ್ಮನಾದರು. ನೋಡಿ ಹೇಳುತ್ತೇವೆ ಎಂದು ಹೋದವರು ಹನ್ನೊಂದು ದಿನ ಮಾತೇ ಇಲ್ಲ.

ಏಳನೇ ದಿನ ಮೊಮ್ಮಗಳು ಅವರ ಜಗಲಿಗೆ ಹೋಗಿ ಕೂಗಾಡಿದಳು. "ನಿಮ್ಗೆ ಹೋದ್ರೆ ಒಂದು ಕಾಗ್ದ ಹೋಯ್ತು ಚೇಚಿ. ನಂಗೆ ಮೂರ್ ವರ್ಷ ಹೋಯ್ತದೆ!"

"ಹೌದು," ಎಂದರು ವಕೀಲಮ್ಮ. "ನನಗೂ ಹೆದರಿಕೆ ಉಂಟು. ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಅವರ ಹಳೇ ಕಾಗದ ಇಲ್ಲೇ ಉಂಟು, ಸಹಿ ನಿನ್ನದು. ಇವತ್ತೇ ಹಾಕ್ತೇನೆ ಅಂದ್ರೆ ನಾನು ಕೈ ಹಿಡಿಯುವುದಿಲ್ಲ. ಆದರೆ ಹಾಕುವ ಮೊದಲು ಹದಿನಾಲ್ಕನ್ನು ನಿನ್ನ ಬಾಯಲ್ಲಿ ಒಂದು ಸಲ ಹೇಳು."

ಅವಳು ಹೇಳತೊಡಗಿದಳು. ಅರ್ಧದಲ್ಲಿ ನಿಂತಳು. ಕಾಗದವನ್ನು ಅಲ್ಲೇ ಇಟ್ಟು ಮನೆಗೆ ಬಂದು, ಯಾರೊಂದಿಗೂ ಮಾತಾಡದೆ ಕಣದಲ್ಲಿ ಕಾಫಿ ಕೆದಕಿದಳು.

ಅಷ್ಟರಲ್ಲಿ ಡಾಕ್ಟರಿಗೆ ವರ್ಗದ ಆರ್ಡರ್ ಬಂತು. ಹನ್ನೊಂದನೇ ದಿನ ಜೀಪಿಗೆ ಸಾಮಾನು ಏರಿಸುತ್ತಿದ್ದಾಗ ಕಂಪನಿಯಿಂದ ಫೋನ್. ಕುರ್ಚಿಯೆಲ್ಲ ಜೀಪಿನಲ್ಲಿ. ವಕೀಲಮ್ಮ ಸುತ್ತಿ ಕಟ್ಟಿದ್ದ ಹಾಸಿಗೆಯ ಮೇಲೆ ಕೂತು, ಮೊಣಕಾಲಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಒಂದು ಗಂಟೆ ಮಾತಾಡಿದರು. ಡಾಕ್ಟರು ಹಾಸಿಗೆಗಾಗಿ ಕಾಯುತ್ತಾ ಬಾಗಿಲಲ್ಲಿ ನಿಂತೇ ಇದ್ದರು. ವಕೀಲಮ್ಮ ದನಿ ಎತ್ತಿದ್ದು ಒಂದು ಸಲವೂ ಇಲ್ಲ. ಮುಗಿಸಿ ತಲೆಯೆತ್ತಿದಾಗ ನಮ್ಮ ಹದಿನಾಲ್ಕನೇ ಕಲಂ ನಾವು ಬರೆದ ಹಾಗೆಯೇ ನಿಂತಿತ್ತು. ಐದು ವರ್ಷದ ಕಟ್ಟು ಹೋಗಿತ್ತು. ಒಂದನ್ನು ಮಾತ್ರ ವಕೀಲಮ್ಮ ತಾವಾಗಿಯೇ ಬಿಟ್ಟುಕೊಟ್ಟಿದ್ದರು: ಆ ಗೋದಾಮುಗಳಿಗೆಂದೇ ಮಾಡಿದ್ದನ್ನು ಮೊಮ್ಮಗಳು ಎರಡು ವರ್ಷ ಬೇರೆ ಕಂಪನಿಗಳಿಗೆ ತೋರಿಸುವಂತಿಲ್ಲ.

"ಅದ್ಯಾಕ್ ಬುಟ್ಟ್ರಿ ಮೋಳೆ?" ಎಂದು ನಾನು ಕೇಳಿದೆ, ಆಸೆಬುರುಕಿಯಂತೆ.

"ಅವರಿಗೂ ಮನೆಗೆ ತಗೊಂಡು ಹೋಗ್ಲಿಕ್ಕೆ ಎಂತಾದ್ರೂ ಬೇಕಲ್ಲ ಅಜ್ಜಿ? ನಾಳೆಯಿಂದ ಇವಳು ಅವರ ಜೊತೆಯೇ ಕೆಲಸ ಮಾಡ್ಬೇಕು." ಹಾಸಿಗೆಯಿಂದ ಎದ್ದು ಗಂಡನಿಗೆ ಹೇಳಿದರು, "ಈಗ ಎತ್ತಿ."

ಮೊಮ್ಮಗಳು ಅವರ ಕಾಲಿಗೆ ಬೀಳಲು ಹೋದಳು. ಬಿಡಲಿಲ್ಲ. ಜೀಪು ಹೋಯಿತು. ಅದಾಗಿ ಮೂರು ವಾರ.

ಇವತ್ತು ಸಹಿಯ ಹೊತ್ತಿಗೆ ಫೋನಿನಲ್ಲಿ ಅವರ ಮುಖ ಬಂತು. ಎಲ್ಲ ತಯಾರಾಗಿತ್ತು, ಕಂಪನಿಯವರೂ ಕಾಯುತ್ತಿದ್ದರು. ಆದರೆ ಇವರು, "ಅಜ್ಜಿ ಎಲ್ಲಿ? ಅಜ್ಜಿ ಹೇಳಿದ ಮೇಲೆ ಸಹಿ" ಎಂದರು. ನಾನು ಕೈ ಒರೆಸಿಕೊಂಡು ಬಂದು ಹದಿನಾಲ್ಕನೇ ಕಲಂ ಪೂರ್ತಿ ಹೇಳಿದೆ. ಒಂದು ಕಡೆಯೂ ತಡವರಿಸಲಿಲ್ಲ. ಪರದೆಯ ಇನ್ನೊಂದು ಮೂಲೆಯಲ್ಲಿದ್ದ ದೊಡ್ಡ ಮನುಷ್ಯರು, ಅರ್ಥವಾಯಿತೋ ಇಲ್ಲವೋ, ನಾನು ಮುಗಿಸುವ ತನಕ ಅಲುಗಾಡದೆ ಕೇಳಿದರು.

ವಕೀಲಮ್ಮನಂಥವರು ಎಷ್ಟು ದೊಡ್ಡವರು ಎಂದು ಅಳೆಯಲು ನನಗೆ ಬರುವುದಿಲ್ಲ. ನಾಲ್ಕನೇ ಕ್ಲಾಸಿನ ಹೆಂಗಸಿಗೆ ತಿಳಿಯದಿದ್ದರೆ ಅದು ಬರೆದವರ ತಪ್ಪು ಎಂದು ನಂಬಿದವರು ಅವರು. ಇನ್ನು ನಾನು ಯಾವ ಕಾಗದ ಬಂದರೂ ಮೊದಲು ಓದಿ ಹೇಳಿ ಎನ್ನುತ್ತೇನೆ. ಅವರ ಈ ಋಣವನ್ನು ಹೇಗೆ ತೀರಿಸುವುದು? ತೀರಿಸಲಾಗದು. ಇರಲಿ, ಇದು ನನ್ನ ಮೇಲೆ ಇದ್ದರೇ ಚೆಂದ.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಮಗ ಹೊಳೆಮೀನು ತಂದಿದ್ದ, ಸೊಸೆ ಗಂಧಸಾಲೆ ಅಕ್ಕಿಯ ಅನ್ನ ಮಾಡಿದ್ದಳು, ಮನೆಯೆಲ್ಲ ಘಮ. ಮೊಮ್ಮಗಳು ಎಡಗೈಯಲ್ಲಿ ಫೋನ್ ಹಿಡಿದು, ಯಾರೂ ಕೇಳದೆಯೇ, ಹದಿನಾಲ್ಕನೇ ಕಲಮನ್ನು ಕನ್ನಡದಲ್ಲಿ ಅಜ್ಜನಿಗೆ ಓದಿ ಹೇಳಿದಳು. ಈಗ ಎದ್ದು ಹೋಗುತ್ತಾರೆ ಎಂದುಕೊಂಡೆ. ಯಜಮಾನರ ಕೈ ಅನ್ನದಲ್ಲೇ ನಿಂತಿತ್ತು.

"ಇದ ಯಾರ್ ಬರ್ದದ್ದು?"

"ವಕೀಲಮ್ಮ ಬರ್ದದ್ದು ಅಜ್ಜ. ಹೇಳ್ಕೊಟ್ಟದ್ದು ಅಜ್ಜಿ."

ಅವರು ನನ್ನ ಕಡೆ ನೋಡಿದರು. ಎದ್ದು ಹೋಗಲಿಲ್ಲ.

"ಇನ್ನೊಂದ್ಸಲ ಓದು ಮೋಳೆ. ನಿಧಾನಕ್ಕೆ."

ಅವಳು ಓದಿದಳು. ಅವರು ಕೊನೆಯ ಮಾತಿನ ತನಕ ಕೇಳಿ, "ಹೂಂ, ಇದು ಕಾಗ್ದ," ಎಂದು ತಟ್ಟೆಯನ್ನು ಸೊಸೆಯ ಕಡೆ ಸರಿಸಿದರು. "ಇನ್ನೊಂದ್ ತುಂಡ್ ಮೀನ್ ಹಾಕವ್ವ. ಅಜ್ಜಿಗೂ ಹಾಕು." ಮಗ ಮೊದಲು ನಕ್ಕ, ಆಮೇಲೆ ನಾವೆಲ್ಲರೂ ನಕ್ಕೆವು, ನಗುತ್ತಲೇ ಉಂಡೆವು.